ನಾಲೆ ಏರಿಯ ಸೈಕಲ್ಲಿಗೆ ಯಾವ ಲೋಹ, ಯಾವ ಫೋರ್ಕು?

ಹುಲ್ಲಹಳ್ಳಿ ಅಣೆಕಟ್ಟೆಯಿಂದ ಹೊರಟ ನಾಲೆಯ ಏರಿ ಹಿಡಿದು ನಂಜನಗೂಡಿನ ಕಡೆಗೆ ಸೈಕಲ್ ತುಳಿದು ಬಂದವರಿಗೆ ಮೊದಲು ನೋವು ಕಾಣಿಸಿಕೊಳ್ಳುವುದು ಮಣಿಕಟ್ಟಿನಲ್ಲಿ. ಆ ಏರಿಯ ಮೇಲೆ ಹೇಳಿಕೊಳ್ಳುವಂಥ ಚಡಾವೂ ಇಲ್ಲ, ಇಳಿಜಾರೂ ಇಲ್ಲ. ಆದರೆ ಕೆಸರಿನಲ್ಲಿ ಮೂಡಿ ಬಿಸಿಲಿಗೆ ಗಟ್ಟಿಯಾದ ಎತ್ತಿನ ಗೊರಸಿನ ಗುರುತು, ಟ್ರ್ಯಾಕ್ಟರ್ ಚಕ್ರದ ಜಾಡು, ನಾಲೆಯ ಹೂಳೆತ್ತಿ ಸುರಿದ ಮಣ್ಣಿನ ಹೆಂಟೆಗಳ ಮೇಲೆ ಹಾಯುವಾಗ ಗಜಕ್ಕೊಂದು ಕುಲುಕು ತಪ್ಪಿದ್ದಲ್ಲ. ಕಪಿಲೆಯ ದಡದ ನಂಜನಗೂಡು, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ, ಈ ಎರಡೂ ತಾಲ್ಲೂಕುಗಳಲ್ಲಿ ಡಾಂಬರು ಬಿಟ್ಟು ಇಳಿದರೆ ಸೈಕಲ್ಲಿಗೆ ಸಿಗುವುದು ಬಹುಪಾಲು ಇಂಥ ದಾರಿಯೇ. ಕಬ್ಬು ಕಡಿಯುವ ಕಾಲದಲ್ಲಿ ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಲೋಡು ಗಾಡಿಗಳು ಕಾಲುದಾರಿಯನ್ನೂ ಬಿಡದೆ ಸಾಲು ಹೊಡೆದಿರುತ್ತವೆ. ನಂಜನಗೂಡಿನ ಎರೆ ಭೂಮಿಯಲ್ಲಿ ಮಳೆ ಬಿದ್ದರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಫೋರ್ಕಿನ ನಡುವೆ ಗೋಡೆ ಕಟ್ಟುತ್ತದೆ. ತಲಕಾಡಿನ ಹತ್ತಿರ ಹೋದರೆ ಮರಳು. ಬೆಟ್ಟ ಎನ್ನುವುದು ಮಲ್ಲಿಕಾರ್ಜುನನ ಮುಡುಕುತೊರೆ, ಇಲ್ಲವೇ ಉತ್ತರಕ್ಕೆ ಮೈಸೂರಿನ ಚಾಮುಂಡಿ.

ಈ ನೆಲಕ್ಕೆ ಮೌಂಟೇನ್ ಬೈಕು ಬಂದು ಬಹಳ ಕಾಲವೇನೂ ಆಗಿಲ್ಲ. ಆದರೂ ಇಂದು ಹತ್ತನೇ ತರಗತಿ ಮುಗಿಸಿದ ಹುಡುಗನನ್ನು ಯಾವ ಸೈಕಲ್ ಬೇಕೆಂದು ಕೇಳಿದರೆ ಬರುವ ಉತ್ತರ ಒಂದೇ: "ಶಾಕ್ ಇರೋ ಗೇರ್ ಸೈಕಲ್ಲು." ಅಂಗಡಿಯಲ್ಲಿ ಕೊಡುವ ಭರವಸೆಯೂ ಎರಡೇ ಮಾತಿನದು, "ಅಲಾಯ್ ಬಾಡಿ, ಮುಂದೆ ಶಾಕಪ್ಪು." ಆ ಎರಡು ಮಾತುಗಳನ್ನು ನಂಬಿ ಹತ್ತು ಹನ್ನೆರಡು ಸಾವಿರ ಕೊಟ್ಟವರೂ ಇದ್ದಾರೆ, ನಲವತ್ತು ಸಾವಿರ ಕೊಟ್ಟವರೂ ಇದ್ದಾರೆ. ಕೊಂಡ ಮೇಲೆ ಒಂದು ಮಳೆಗಾಲ ಕಳೆಯುವುದರೊಳಗೆ ಸೈಕಲ್ಲು ಹಿತ್ತಲಿಗೆ ಸೇರಿದ ಮನೆಗಳನ್ನು ನಾನು ಬಲ್ಲೆ. ಹೊಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಹೀಗೆ ಹೋಗುವುದನ್ನು ನೋಡಿ ಸುಮ್ಮನಿರಲಾಗದೆ ಚೌಕಟ್ಟಿನ ಲೋಹ, ಮುಂದಿನ ಫೋರ್ಕು ಎರಡನ್ನೂ ಒಟ್ಟಿಗಿಟ್ಟು ನೋಡುತ್ತಿದ್ದೇನೆ. ಚೌಕಟ್ಟು ಯಾವ ಲೋಹದ್ದು ಎಂಬ ಪ್ರಶ್ನೆಗೆ ನಾವು ಕೊಡುತ್ತಿರುವ ಬೆಲೆ ಹೆಚ್ಚಾಯಿತು, ಫೋರ್ಕಿನ ಒಳಗೇನಿದೆ ಎಂಬ ಪ್ರಶ್ನೆಗೆ ಕೊಡುತ್ತಿರುವ ಬೆಲೆ ತೀರ ಕಡಿಮೆ ಎಂಬುದು ನನ್ನ ತೀರ್ಮಾನ. ಯಾಕೆಂದು ಹೇಳುತ್ತೇನೆ.

ಮೊದಲು ಲೋಹ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7. ಈ ಅಂಕಿಗಳನ್ನು ಕಂಡವರು ಅಲ್ಯೂಮಿನಿಯಂ ಮೂರು ಪಾಲು ಹಗುರ ಎಂದು ಅಲ್ಲಿಗೇ ನಿಲ್ಲುತ್ತಾರೆ. ಬಗ್ಗದೆ ನಿಲ್ಲುವ ಬಿಗಿತದ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು: ಉಕ್ಕು ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂ 105ರಿಂದ 110, ಅಲ್ಯೂಮಿನಿಯಂ 70. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ, ಮೂರಕ್ಕೂ ಇಪ್ಪತ್ತೈದರ ಆಸುಪಾಸಿನ ಸಂಖ್ಯೆಯೇ ಬರುತ್ತದೆ. ಅಂದರೆ ಅಲ್ಯೂಮಿನಿಯಂ ಎಷ್ಟು ಹಗುರವೋ ಅಷ್ಟೇ ಮೆದು. ಹಾಗಿದ್ದರೆ ಅಲ್ಯೂಮಿನಿಯಂ ಸೈಕಲ್ ಹಗುರವಾಗಿಯೂ ಬಿಗಿಯಾಗಿಯೂ ಇರುವುದು ಹೇಗೆ? ಗುಟ್ಟಿರುವುದು ಕೊಳವೆಯ ದಪ್ಪದಲ್ಲಿ. ಕೊಳವೆಯ ಬಿಗಿತ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸವನ್ನು ಎರಡರಷ್ಟು ಮಾಡಿ ಗೋಡೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ತೂಕ ಹೆಚ್ಚುಕಡಿಮೆ ಅಷ್ಟೇ ಉಳಿದು ಬಿಗಿತ ನಾಲ್ಕು ಪಾಲಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕ್ಲೈನ್ ಹಿಡಿದ ದಾರಿ ಇದು. 1983ರಿಂದ ಕ್ಯಾನನ್‌ಡೇಲ್ ಕಂಪನಿ ದಪ್ಪ ಕೊಳವೆಯ ಅಲ್ಯೂಮಿನಿಯಂ ಸೈಕಲ್ಲುಗಳನ್ನು ಮಾರಿದ್ದೂ ಹೀಗೆಯೇ. ಉಕ್ಕಿನಲ್ಲಿ ಇದೇ ಉಪಾಯ ಮಾಡಹೋದರೆ ಗೋಡೆ ಡಬ್ಬಿಯ ತಗಡಿನಷ್ಟು ತೆಳುವಾಗಿ ಕಲ್ಲು ತಗುಲಿದರೆ ನೆಗ್ಗುತ್ತದೆ. ಅಲ್ಯೂಮಿನಿಯಂ ಹಗುರವಾದ್ದರಿಂದ ಗೋಡೆಯನ್ನು ಸಾಕಷ್ಟು ದಪ್ಪವಾಗಿಟ್ಟೂ ಕೊಳವೆ ಹಿಗ್ಗಿಸಬಹುದು. ಇಂದಿನ ಮೌಂಟೇನ್ ಬೈಕುಗಳ ಕೆಳಗೊಳವೆ ತೋಳಿನಷ್ಟು ದಪ್ಪವಿರುವುದಕ್ಕೆ ಕಾರಣ ಇದು.

ಉಕ್ಕಿನಲ್ಲೂ ಜಾತಿಗಳಿವೆ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು 'ಹೈ-ಟೆನ್ಸೈಲ್' ಎಂಬ ಸಾದಾ ಉಕ್ಕು. ಅದರ ಮೌಂಟೇನ್ ಬೈಕ್ ಚೌಕಟ್ಟು ಮೂರು ಕಿಲೋ ದಾಟುತ್ತದೆ. ಅಗ್ಗದ ಫೋರ್ಕು, ಚಕ್ರ ಎಲ್ಲ ಸೇರಿದರೆ ಇಡೀ ಸೈಕಲ್ಲು ಹದಿನೇಳು ಹದಿನೆಂಟು ಕಿಲೋ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 'ಕ್ರೋಮೋಲಿ' ಬೇರೆಯೇ ಸರಕು. 4130 ಎಂದು ಗುರುತಿಸುವ ಆ ಮಿಶ್ರಲೋಹ ಬಲದಲ್ಲಿ ಎಷ್ಟೋ ಮೇಲಾದ್ದರಿಂದ ಕೊಳವೆಯ ಗೋಡೆ ತೆಳುವಾಗಿಸಬಹುದು, ಚೌಕಟ್ಟು ಎರಡೂವರೆ ಕಿಲೋ ಆಸುಪಾಸಿಗೆ ಇಳಿಯುತ್ತದೆ. ಮೌಂಟೇನ್ ಬೈಕಿನ ಹುಟ್ಟೂ ಉಕ್ಕಿನಲ್ಲೇ ಆಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 'ರಿಪ್ಯಾಕ್' ಎಂಬ ಇಳಿಜಾರಿನಲ್ಲಿ ಪಂದ್ಯ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು 1930ರ ದಶಕದ ಭಾರದ ಹಳೆಯ ಸೈಕಲ್ಲುಗಳು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕಿನ ಗ್ರೀಸು ಸುಟ್ಟು, ಮತ್ತೆ ತುಂಬಬೇಕಾಗುತ್ತಿದ್ದರಿಂದ ಆ ದಾರಿಗೆ ಆ ಹೆಸರು. 1977ರಲ್ಲಿ ಜೋ ಬ್ರೀಜ್ ಆ ಆಟಕ್ಕೆಂದೇ ಹೊಸದಾಗಿ ಕಟ್ಟಿದ ಸೈಕಲ್ಲಿಗೆ ಬಳಸಿದ್ದು ಕ್ರೋಮೋಲಿ. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ತಂದ ಸ್ಟಂಪ್‌ಜಂಪರ್ ಕೂಡ ಉಕ್ಕಿನದೇ.

ಅಲ್ಯೂಮಿನಿಯಂನಲ್ಲಿ ಹೆಚ್ಚಾಗಿ ಕಾಣುವುದು 6061 ಎಂಬ ಮಿಶ್ರಲೋಹ. ಅದರ ಮುಂದೆ ಬರೆಯುವ 'ಟಿ6' ಎಂಬ ಗುರುತಿನಲ್ಲಿ ದೊಡ್ಡ ಸಂಗತಿಯಿದೆ. ಬೆಸುಗೆ ಹಾಕಿದ ಜಾಗದಲ್ಲಿ ಈ ಲೋಹ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಆಮೇಲೆ ಇಡೀ ಚೌಕಟ್ಟನ್ನು 530 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 175 ಡಿಗ್ರಿಯ ಸುಮಾರಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಬಲ ಮರಳುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಒಲೆಗಳಿವೆ, ನಂಜನಗೂಡಿನ ವೆಲ್ಡಿಂಗ್ ಅಂಗಡಿಯಲ್ಲಿಲ್ಲ. ಹಾಗಾಗಿ ಅಲ್ಯೂಮಿನಿಯಂ ಚೌಕಟ್ಟು ಬಿರುಕು ಬಿಟ್ಟಾಗ ಊರಿನಲ್ಲಿ ಬೆಸುಗೆ ಹಾಕಿಸಿದರೆ ಅದು ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ನಾನು ಹಾಗೆ ಒಮ್ಮೆ ಸೀಟಿನ ಕೊಳವೆಯ ಬುಡಕ್ಕೆ ಬೆಸುಗೆ ಹಾಕಿಸಿದೆ. ಎರಡು ತಿಂಗಳಾದ ಮೇಲೆ, ಸುತ್ತೂರಿನಿಂದ ಹಿಂದಿರುಗುವಾಗ, ಬೆಸುಗೆಯಿಂದ ಬೆರಳಗಲ ಆಚೆ ಹೊಸ ಬಿರುಕು ಕಂಡಿತು. ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಮನೆಗೆ ಬಂದೆ. ಬೆಸುಗೆ ಹಾಕಿದವನದು ತಪ್ಪೇನೂ ಇರಲಿಲ್ಲ, ಅವನು ಬೇಡವೆಂದೇ ಹೇಳಿದ್ದ.

ಉಕ್ಕಿಗೂ ಅಲ್ಯೂಮಿನಿಯಂಗೂ ಇನ್ನೊಂದು ವ್ಯತ್ಯಾಸ ಲೋಹದ ದಣಿವಿನದು. ಒಂದು ಮಿತಿಯೊಳಗಿನ ಕುಲುಕನ್ನು ಉಕ್ಕು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಕುಲುಕೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ದಪ್ಪ ಕೊಳವೆಯ ಚೌಕಟ್ಟಿನಲ್ಲಿ ಪ್ರತಿ ಕುಲುಕಿನ ಒತ್ತಡವೇ ಕಡಿಮೆ ಇರುವಂತೆ ವಿನ್ಯಾಸ ಮಾಡಿರುತ್ತಾರೆ. ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಚೌಕಟ್ಟಿನ ಮೇಲೆ ಪೆಡಲ್ ಒತ್ತಡವನ್ನು 1,00,000 ಸಲ ಹಾಕಿ ನೋಡುವ ಪರೀಕ್ಷೆಯಿದೆ. ಕೊಳ್ಳುವ ಸೈಕಲ್ಲಿನ ಪುಸ್ತಿಕೆಯಲ್ಲಿ ಆ ಮಾನದಂಡದ ಸಂಖ್ಯೆ ಇದೆಯೇ ಎಂದು ನೋಡುವುದು 'ಅಲಾಯ್' ಎಂಬ ಚೀಟಿ ನೋಡುವುದಕ್ಕಿಂತ ಮೇಲು. 'ಅಲಾಯ್' ಎಂದರೆ ಮಿಶ್ರಲೋಹವೆಂದಷ್ಟೇ ಅರ್ಥ, ಉಕ್ಕೂ ಮಿಶ್ರಲೋಹವೇ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ. ಕೊಳವೆಗೆ ಅಂಟಿಕೊಂಡರೆ ಉಕ್ಕು, ಜಾರಿದರೆ ಅಲ್ಯೂಮಿನಿಯಂ.

ಕಾರ್ಬನ್ ನಾರಿನ ಚೌಕಟ್ಟು ಒಂದು ಕಿಲೋ ಚಿಲ್ಲರೆ ತೂಗುತ್ತದೆ, ಬೇಕಾದ ದಿಕ್ಕಿಗೆ ಬೇಕಾದಷ್ಟು ಬಿಗಿತ ಕೊಟ್ಟು ಅದನ್ನು ಕಟ್ಟಬಹುದು. ಪಂದ್ಯಕ್ಕೆ ಇಳಿಯುವವರಿಗೆ ಅದಕ್ಕೆ ಸಮನಾದದ್ದಿಲ್ಲ. ಆದರೆ ಕಲ್ಲಿನ ಮೇಲೆ ಬಿದ್ದ ಪೆಟ್ಟು ಹೊರಗೆ ಕಾಣದೆ ಒಳಪದರ ಬಿಡಿಸಿಬಿಡಬಹುದು. ಟೈಟಾನಿಯಂ ತುಕ್ಕು ಹಿಡಿಯದು, ಉಕ್ಕಿನಂತೆಯೇ ದಣಿವನ್ನು ತಾಳುತ್ತದೆ. ಅದರ ಬೆಲೆಯಲ್ಲಿ ಇಲ್ಲೊಂದು ಮೋಟಾರ್ ಸೈಕಲ್ ಬರುತ್ತದೆ. ಈ ಎರಡರ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ತುಕ್ಕಿನ ಮಾತು ಬಂತು. ಗದ್ದೆ ಬಯಲಿನ ತೇವದಲ್ಲಿ ಉಕ್ಕಿನ ಕೊಳವೆ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ, ಬಣ್ಣ ಹೊರಗೆ ಹೊಳೆಯುತ್ತಲೇ ಇರುತ್ತದೆ. ಇದಕ್ಕೆ ಹಳಬರ ಮದ್ದು ಅಗಸೆ ಎಣ್ಣೆ. ಸೀಟಿನ ಕಂಬ ಕಿತ್ತು ಒಳಗೆ ಎರಡು ಚಮಚ ಎಣ್ಣೆ ಸುರಿದು, ಚೌಕಟ್ಟನ್ನು ತಿರುಗಿಸಿ ತಿರುಗಿಸಿ ಇಟ್ಟರೆ ಒಳಗೋಡೆಗೆ ತೆಳುವಾದ ಪೊರೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೇಳುವುದೊಂದಿದೆ: ಉಕ್ಕಿನ ಚೌಕಟ್ಟು ಮೆತ್ತಗೆ ಹೋಗುತ್ತದಂತೆ, ಅಲ್ಯೂಮಿನಿಯಂ ಮೈ ಕುಲುಕುತ್ತದಂತೆ, ನಿಜವೇ? ನನ್ನ ಅನುಭವವೂ ಲೆಕ್ಕವೂ ಇದನ್ನು ಒಪ್ಪುವುದಿಲ್ಲ. ಸೈಕಲ್ಲಿನ ಚೌಕಟ್ಟು ಎರಡು ತ್ರಿಕೋನ ಕೂಡಿಸಿದ ಆಕೃತಿ. ಮೇಲಿಂದ ಕೆಳಕ್ಕೆ ಒತ್ತಿದರೆ ಯಾವ ಲೋಹವಾದರೂ ಅದು ಬಗ್ಗುವುದು ಕೂದಲೆಳೆಯಷ್ಟು. ಅದೇ ಎರಡೂಕಾಲು ಇಂಚು ಅಗಲದ ಟೈರು ಹದವಾದ ಗಾಳಿಯಲ್ಲಿ ಬೆರಳಗಲ ಒಳಕ್ಕೆ ಹೋಗುತ್ತದೆ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದನಲ್ಲ, ಸೈಕಲ್ಲಿಗೆ ಸಿಕ್ಕ ದೊಡ್ಡ ಸಸ್ಪೆನ್ಷನ್ ಅದು. ನಮ್ಮ ಹುಡುಗರು ದಪ್ಪ ಟೈರಿನ ಸೈಕಲ್ ಕೊಂಡು ಅದಕ್ಕೆ ಕಲ್ಲಿನಂತೆ ಗಾಳಿ ಹೊಡೆಸುತ್ತಾರೆ. ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಮಿತಿ ನೋಡಿ ಅಷ್ಟಕ್ಕೇ ತುಂಬುವವರಿದ್ದಾರೆ. ಅರವತ್ತು ಕಿಲೋ ಆಳು ಅಂಥ ಟೈರಿನಲ್ಲಿ ಏರಿಯ ಮೇಲೆ ಹೋಗಲು 28ರಿಂದ 32 ಪಿಎಸ್‌ಐ ಸಾಕು. ಜಾಲಿ ಮುಳ್ಳು, ನೆಗ್ಗಿಲು ಮುಳ್ಳಿನ ಭಯವಿದ್ದರೆ ಟೈರಿನೊಳಗೆ ಮುಳ್ಳಿನ ತೂತು ಮುಚ್ಚುವ ದ್ರವ ಹಾಕಿಸಿ, ಗಾಳಿ ಹೆಚ್ಚಿಸಬೇಡಿ. ಇಷ್ಟು ಮಾಡಿದವರಿಗೆ ಮಣಿಕಟ್ಟಿನ ನೋವು ಅರ್ಧ ಇಳಿಯುತ್ತದೆ, ಖರ್ಚಿಲ್ಲದೆ.

ಉಳಿದರ್ಧಕ್ಕೆ ಫೋರ್ಕು.

ಸಸ್ಪೆನ್ಷನ್ ಫೋರ್ಕಿನಲ್ಲಿ ಎರಡು ಕೆಲಸಗಾರರಿರುತ್ತಾರೆ. ಒಬ್ಬ ಸ್ಪ್ರಿಂಗು, ಉಬ್ಬಿಗೆ ಚಕ್ರ ಮೇಲೆದ್ದಾಗ ಒತ್ತಡವನ್ನು ನುಂಗಿಕೊಳ್ಳುತ್ತಾನೆ. ನುಂಗಿದ್ದನ್ನು ಅವನು ಇಟ್ಟುಕೊಳ್ಳಲಾರ, ಮರುಗಳಿಗೆಯಲ್ಲಿ ಹಿಂದಕ್ಕೆ ಎಸೆಯುತ್ತಾನೆ. ಅವನನ್ನು ಹಿಡಿದು ನಿಧಾನವಾಗಿ ಬಿಡುವವನು ಇನ್ನೊಬ್ಬ, ಡ್ಯಾಂಪರು. ಎಣ್ಣೆಯನ್ನು ಸಣ್ಣ ಕಂಡಿಗಳ ಮೂಲಕ ತೂರಿಸಿ ಆ ಶಕ್ತಿಯನ್ನು ಬಿಸಿಯಾಗಿ ಕರಗಿಸುವುದು ಅವನ ಕೆಲಸ. 1989ರಲ್ಲಿ ಪಾಲ್ ಟರ್ನರ್‌ನ ರಾಕ್‌ಶಾಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಆರ್‌ಎಸ್-1 ಫೋರ್ಕಿನಲ್ಲಿ ಗಾಳಿ, ಎಣ್ಣೆ ಎರಡೂ ಇದ್ದವು. ಅದು ಇಳಿಯುತ್ತಿದ್ದದ್ದು 48 ಮಿಲಿಮೀಟರ್ ಮಾತ್ರ. ಮರುವರ್ಷ ಅಮೆರಿಕದ ಡುರಾಂಗೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಇಳಿಜಾರಿನ ಓಟ ಗೆದ್ದ ಗ್ರೆಗ್ ಹರ್ಬೋಲ್ಡ್ ಅಂಥ ಫೋರ್ಕಿನ ಮೇಲಿದ್ದ. ಅಲ್ಲಿಂದ ಜಗತ್ತು ಬದಲಾಯಿತು.

ನಮ್ಮಲ್ಲಿ ಅಗ್ಗದ ಸೈಕಲ್ಲಿಗೆ ಬರುವ ಫೋರ್ಕುಗಳಲ್ಲಿ ಈ ಎರಡನೆಯವನೇ ಇರುವುದಿಲ್ಲ. ಒಂದು ಉಕ್ಕಿನ ಸುರುಳಿ, ಕೆಲವೊಮ್ಮೆ ಒಂದು ರಬ್ಬರ್ ತುಂಡು, ಅಷ್ಟೇ. ತೂಕ ಎರಡೂವರೆ ಕಿಲೋದ ಸುಮಾರು. ಅಂಗಡಿಯಲ್ಲಿ ಹ್ಯಾಂಡ್ಲು ಹಿಡಿದು ಒತ್ತಿದರೆ ಬುಸಕ್ಕೆಂದು ಕುಸಿಯುತ್ತದೆ, ಹುಡುಗನ ಮುಖ ಅರಳುತ್ತದೆ. ಏರಿಯ ಮೇಲೆ ಸರಣಿ ಕುಲುಕು ಬಂದಾಗ ಅದು ಒಂದಕ್ಕೆ ಕುಸಿದು ಮೇಲೇಳುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಮುಂಚಕ್ರ ನೆಲ ಬಿಟ್ಟು ಪುಟಿಯುತ್ತದೆ, ತಿರುವಿನಲ್ಲಿ ಹಿಡಿತವೇ ಸಿಗುವುದಿಲ್ಲ. ಇನ್ನೊಂದು ತೊಂದರೆ ಸವಾರನ ತೂಕದ್ದು. ಈ ಸುರುಳಿಗಳನ್ನು ಎಪ್ಪತ್ತೆಂಬತ್ತು ಕಿಲೋ ತೂಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ನಲವತ್ತೈದು ಕಿಲೋ ಹುಡುಗಿಯ ಕೆಳಗೆ ಅದು ಅರ್ಧದಷ್ಟೂ ಇಳಿಯುವುದಿಲ್ಲ. ಫೋರ್ಕಿನ ತಲೆಯ ಮೇಲೆ ತಿರುಗಿಸುವ ಗುಬುಟು ಇರುತ್ತದಲ್ಲ, ಅದು ಸುರುಳಿಯನ್ನು ಮೊದಲೇ ಸ್ವಲ್ಪ ಒತ್ತಿಡುತ್ತದೆಯೇ ಹೊರತು ಮೆದು ಮಾಡುವುದಿಲ್ಲ. ನನ್ನ ಮೊದಲ ಶಾಕ್ ಸೈಕಲ್ಲಿನ ಫೋರ್ಕು ಒಂದು ಮಳೆಗಾಲ ಕಳೆದ ಮೇಲೆ ಇಳಿದಲ್ಲೇ ಕಚ್ಚಿಕೊಂಡಿತು. ಮಾರಿದ ಅಂಗಡಿಯಲ್ಲಿ ಬಿಡಿಭಾಗ ಇರಲಿಲ್ಲ, ಬಿಚ್ಚಿ ನೋಡುವ ಮನಸ್ಸೂ ಇರಲಿಲ್ಲ. "ಹೊಸದು ಹಾಕಿಸಿ" ಎಂದರು. ಬಿಚ್ಚಿಸಿದಾಗ ಒಳಗೆ ಸುರುಳಿಯೆಂಬುದು ತುಕ್ಕಿನ ಉಂಡೆಯಾಗಿತ್ತು.

ಒಂದು ಮೆಟ್ಟಿಲು ಮೇಲೆ ಹೋದರೆ ಸುರುಳಿಯ ಜೊತೆ ಎಣ್ಣೆಯ ಡ್ಯಾಂಪರು, ಬೇಕಾದಾಗ ಬೀಗ ಹಾಕುವ ಲಾಕೌಟು ಇರುವ ಫೋರ್ಕುಗಳಿವೆ. ಅದಕ್ಕೂ ಮೇಲೆ ಗಾಳಿ ಫೋರ್ಕು: ಸುರುಳಿಯ ಜಾಗದಲ್ಲಿ ಗಾಳಿ, ತೂಕ ಎರಡು ಕಿಲೋ ಆಸುಪಾಸು, ಪಂದ್ಯದವು ಒಂದೂವರೆ ಕಿಲೋಗಿಂತಲೂ ಕಡಿಮೆ. ಎಸ್‌ಆರ್ ಸನ್‌ಟೂರ್ ಕಂಪನಿಯ ಎಕ್ಸ್‌ಸಿಟಿ, ಎಕ್ಸ್‌ಸಿಎಂ, ಎಕ್ಸ್‌ಸಿಆರ್, ರೈಡಾನ್ ಎಂಬ ಸಾಲನ್ನೂ, ರಾಕ್‌ಶಾಕ್ಸ್‌ನ ಜೂಡಿ, ರೀಕಾನ್, ಸಿಡ್ ಎಂಬ ಸಾಲನ್ನೂ ಕೆಳಗಿನಿಂದ ಮೇಲಕ್ಕೆ ಏರುವ ಮೆಟ್ಟಿಲುಗಳೆಂದು ಓದಿಕೊಳ್ಳಬಹುದು. ಒಂದೇ ಹೆಸರಿನ ಫೋರ್ಕಿಗೂ ಒಳಗೆ ಬೇರೆ ಬೇರೆ ಹೂರಣ ಇರುವುದುಂಟು, ಆದ್ದರಿಂದ ಹೆಸರಿಗಿಂತ ಪಟ್ಟಿಯಲ್ಲಿ 'ಹೈಡ್ರಾಲಿಕ್ ಡ್ಯಾಂಪಿಂಗ್', 'ರೀಬೌಂಡ್' ಎಂಬ ಮಾತುಗಳನ್ನು ಹುಡುಕಿ. ರೀಬೌಂಡ್ ಎಂದರೆ ಫೋರ್ಕು ಮೇಲೇಳುವ ವೇಗವನ್ನು ನಾವೇ ಹದ ಮಾಡಿಕೊಳ್ಳುವ ತಿರುಪು, ಸಾಮಾನ್ಯವಾಗಿ ಬಲಗಾಲಿನ ಕೆಳತುದಿಯಲ್ಲಿರುತ್ತದೆ.

ಗಾಳಿ ಫೋರ್ಕಿನ ದೊಡ್ಡ ಗುಣ ಅದು ಯಾರ ತೂಕಕ್ಕೂ ಒಗ್ಗುವುದು. ಫೋರ್ಕಿನ ಕಾಲಿಗೆ ರಬ್ಬರ್ ಉಂಗುರ ಹಾಕಿ, ಸೈಕಲ್ ಹತ್ತಿ ನಿಂತು, ನಿಧಾನವಾಗಿ ಇಳಿದು ನೋಡಿ. ಉಂಗುರ ಸರಿದ ದೂರ ಒಟ್ಟು ಇಳಿತದ ಐದರಲ್ಲೊಂದು ಪಾಲಿನಷ್ಟಿದ್ದರೆ ಹದ ಸರಿಯಿದೆ. ನೂರು ಮಿಲಿಮೀಟರ್ ಫೋರ್ಕಾದರೆ ಇಪ್ಪತ್ತು. ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ ಸೈಕಲ್ ತುಳಿಯುವುದಾದರೆ ಗಾಳಿ ಬದಲಿಸಿದರಾಯಿತು. ಆದರೆ ಅದಕ್ಕೆ ಫೋರ್ಕಿಗೆಂದೇ ಮಾಡಿದ ಸಣ್ಣ ಪಂಪು ಬೇಕು. ಒಳಗಿನ ಜಾಗ ಚಿಕ್ಕದು, ಒತ್ತಡ ನೂರು ಪಿಎಸ್‌ಐ ದಾಟುವುದೂ ಉಂಟು. ಪೆಟ್ರೋಲ್ ಬಂಕಿನ ಕಂಪ್ರೆಸರ್ ಇಟ್ಟರೆ ಒಂದೇ ಕ್ಷಣದಲ್ಲಿ ಸೀಲು ಹಾರಬಹುದು. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದರೆ ಒತ್ತಡ ಬೆಳಗಿನದಕ್ಕಿಂತ ನೂರಕ್ಕೆ ಐದಾರು ಹೆಚ್ಚಿರುತ್ತದೆ, ಅದು ಗಾಳಿಯ ಸ್ವಭಾವ.

ಈಗ ಈ ನೆಲದ ಮರಳು, ನೀರಿಗೆ ಬರೋಣ. ಪಂಚಲಿಂಗಗಳ ತಲಕಾಡಿನಲ್ಲಿ ಮರಳ ದಿಬ್ಬಗಳ ನಡುವೆ ಸೈಕಲ್ ನೂಕಿಕೊಂಡು ಹೋದವರಿಗೆ ಗೊತ್ತು, ಆ ಸಣ್ಣ ಮರಳು ಎಲ್ಲಿ ಹೋಗುವುದಿಲ್ಲ ಎಂದು ಕೇಳಬೇಕು. ಫೋರ್ಕಿನ ನುಣುಪು ಕಾಲಿಗೆ ಅಂಟಿದ ಒಂದು ಹರಳು ಸೀಲಿನ ಕೆಳಗೆ ಸಿಕ್ಕರೆ ಪ್ರತಿ ಇಳಿತಕ್ಕೂ ಗೀರು ಎಳೆಯುತ್ತದೆ. ಮನೆಗೆ ಬಂದ ಕೂಡಲೇ ಒಣ ಬಟ್ಟೆಯಿಂದ ಎರಡೂ ಕಾಲು ಒರೆಸುವುದು ಅರ್ಧ ನಿಮಿಷದ ಕೆಲಸ. ಬೈಕು ತೊಳೆಯುವ ವಾಟರ್ ಸರ್ವಿಸ್ ಗನ್ನನ್ನು ಮಾತ್ರ ಫೋರ್ಕಿನ ಸೀಲಿಗೆ ಹಿಡಿಯಬೇಡಿ, ನೀರು ಒಳಗೆ ಸೇರಿ ಎಣ್ಣೆಯನ್ನು ಮಜ್ಜಿಗೆ ಮಾಡುತ್ತದೆ. 2018ರಲ್ಲೂ 2019ರಲ್ಲೂ ಕಪಿಲೆ ಉಕ್ಕಿ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಳುಗಿದಾಗ ಹಿತ್ತಲಲ್ಲಿ ನೀರು ನಿಂತ ಮನೆಗಳ ಸೈಕಲ್ಲುಗಳೂ ನೆನೆದವು. ಅಂಥ ಫೋರ್ಕನ್ನು ಬಿಚ್ಚದೆ ಬಿಟ್ಟರೆ ಅಲ್ಲಿಗೆ ಅದರ ಕತೆ ಮುಗಿಯಿತು. ಮಾಮೂಲಿ ಬಳಕೆಯಲ್ಲೂ ಕೆಳಗಾಲಿನ ಎಣ್ಣೆ ಬದಲಿಸುವುದಕ್ಕೆ ರಾಕ್‌ಶಾಕ್ಸ್ ಹೇಳುವುದು 50 ಗಂಟೆಯ ಸವಾರಿ. ವಾರಕ್ಕೆ ನಾಲ್ಕು ಗಂಟೆ ತುಳಿಯುವವರಿಗೆ ಅದು ಮೂರು ತಿಂಗಳು.

ಹಾಗಾದರೆ ಶಾಕ್ ಫೋರ್ಕೇ ಬೇಡವೆನ್ನುವವರು? ಅವರ ಪರವಾಗಿ ನಾನು ಮನಸಾರೆ ವಾದಿಸಬಲ್ಲೆ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್‌ಗಳ ಹಳೆಯ ಕಪ್ಪು ಸೈಕಲ್ಲನ್ನು ಪಕ್ಕದಿಂದ ನಿಂತು ನೋಡಿ. ಮುಂದಿನ ಫೋರ್ಕು ಸುಮಾರು 67-68 ಡಿಗ್ರಿಗೆ ಓರೆಯಾಗಿ ಮಲಗಿರುತ್ತದೆ, ತುದಿಯಲ್ಲಿ ಧಾರಾಳವಾಗಿ ಮುಂದಕ್ಕೆ ಬಾಗಿರುತ್ತದೆ. ಚಕ್ರ ದೊಡ್ಡದು, ಚಕ್ರಗಳ ನಡುವಿನ ಅಂತರ ಉದ್ದ, ಸೀಟಿನ ಕೆಳಗೆ ಸ್ಪ್ರಿಂಗು. ಗುಂಡಿಗೆ ಇಳಿದಾಗ ಆ ಬಾಗಿದ ಉಕ್ಕಿನ ಕಾಲು ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ತೂಗುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ನಂಜನಗೂಡು ರಸಬಾಳೆಯ ಗೊನೆ, ಎಲ್ಲವನ್ನೂ ಹೊತ್ತು ಅದು ಗಾಡಿ ಜಾಡಿನಲ್ಲಿ ದಶಕಗಟ್ಟಲೆ ನಡೆದಿದೆ. 1980, 90ರ ದಶಕದ ಮೌಂಟೇನ್ ಬೈಕುಗಳು 71 ಡಿಗ್ರಿಯ ಸುಮಾರಿನ ನೆಟ್ಟಗಿನ ಫೋರ್ಕಿನಿಂದ ಹೊರಟು ಇಂದು 65ರಿಂದ 67 ಡಿಗ್ರಿಯ ಓರೆಗೆ ಬಂದಿವೆ. ಒರಟು ನೆಲದಲ್ಲಿ ಮುಂಚಕ್ರ ತಪ್ಪಿಸಿಕೊಳ್ಳದಿರಲು ಓರೆ ಬೇಕೆಂದು ಅವುಗಳ ತಯಾರಕರು ಮತ್ತೆ ಕಂಡುಕೊಂಡರು. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲೂ ಶಾಕಪ್ಪು ಇರಲಿಲ್ಲ. ಬೆಸುಗೆ ಬಿಟ್ಟರೆ ಊರಿನಲ್ಲೇ ಹಿತ್ತಾಳೆ ಹಾಕಿಸಿ ತಮ್ಮನೋ ತಂಗಿಯೋ ತುಳಿದ ಸೈಕಲ್ಲುಗಳು ಅವು. ಬದನವಾಳಿನ ಕಡೆಯ ಹಳ್ಳಿಗಳಲ್ಲಿ ಈಗಲೂ ಕೆಲವು ಓಡುತ್ತಿವೆ.

ಆದ್ದರಿಂದ ಬಜೆಟ್ ಹದಿನೈದು ಸಾವಿರದೊಳಗಿದ್ದರೆ ನನ್ನ ಸಲಹೆ ಖಚಿತವಾಗಿದೆ: ಸಾದಾ ಉಕ್ಕಿನ ಗಟ್ಟಿ ಫೋರ್ಕು, ಎರಡು ಇಂಚಿಗೆ ಮೀರಿದ ಟೈರು, ಹಗುರ ಅಲ್ಯೂಮಿನಿಯಂ ರಿಮ್ಮು. ಗಟ್ಟಿ ಫೋರ್ಕಿನ ತೂಕ ಒಂದು ಕಿಲೋ ಚಿಲ್ಲರೆ. ಅಗ್ಗದ ಶಾಕಿಗಿಂತ ಒಂದೂಕಾಲು ಕಿಲೋ ಉಳಿಯಿತು, ಕೆಡುವ ಒಂದು ವಸ್ತುವೂ ಕಡಿಮೆಯಾಯಿತು. ಹಿಂದೆ ಮುಂದೆ ಎರಡೂ ಕಡೆ ಶಾಕಪ್ಪು ಎಂದು ತೋರಿಸುವ ಅಗ್ಗದ ಸೈಕಲ್ಲನ್ನಂತೂ ಮುಟ್ಟಬೇಡಿ, ತುಳಿದ ಬಲದಲ್ಲಿ ಒಂದು ಪಾಲು ಆ ಹಿಂದಿನ ಸುರುಳಿಯನ್ನು ಕುಣಿಸುವುದಕ್ಕೇ ಹೋಗುತ್ತದೆ.

ಇಪ್ಪತ್ತೈದು ಮೂವತ್ತು ಸಾವಿರ ಹೊಂದಿಸಬಲ್ಲವರು 6061 ಅಲ್ಯೂಮಿನಿಯಂ ಚೌಕಟ್ಟು, ಎಣ್ಣೆಯ ಡ್ಯಾಂಪರು ಇರುವ ನೂರು ಮಿಲಿಮೀಟರ್ ಫೋರ್ಕು ನೋಡಬಹುದು. ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ, ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ. ಚೌಕಟ್ಟಿನ ತಲೆಗೊಳವೆ ಕೆಳಗೆ ಅಗಲವಾಗಿದ್ದು ಮೇಲಕ್ಕೆ ಕಿರಿದಾಗುತ್ತದೆಯೇ, ಇಲ್ಲ ಮೇಲಿಂದ ಕೆಳಗೆ ಒಂದೇ ಅಳತೆಯೇ ಎಂದು ನೋಡಿ. ಒಳ್ಳೆಯ ಗಾಳಿ ಫೋರ್ಕುಗಳು ಈಗ ಬಹುಪಾಲು ತಲೆಗೊಳವೆಯೊಳಗೆ ಕೂರುವ ಬುಡ ಅಗಲದ ಕಂಬದಲ್ಲೇ ಬರುತ್ತವೆ. ತಲೆಗೊಳವೆ ಅದನ್ನು ಒಪ್ಪುವಂತಿದ್ದರೆ ಇಂದು ಸುಮಾರಾದ ಫೋರ್ಕಿನೊಂದಿಗೆ ಕೊಂಡು, ಎರಡು ವರ್ಷ ಬಿಟ್ಟು ಫೋರ್ಕು ಮಾತ್ರ ಬದಲಿಸಬಹುದು. ಚೌಕಟ್ಟು ಆರಿಸುವಾಗ ಲೋಹಕ್ಕಿಂತ ಮೊದಲು ನಾನು ನೋಡುವುದು ಇದನ್ನು. ಜೊತೆಗೆ, ಹೊಸ ಫೋರ್ಕಿನ ಉದ್ದ ಹಳೆಯದಕ್ಕೆ ಹತ್ತಿರವಿರಬೇಕು. ನೂರಕ್ಕೆಂದು ಮಾಡಿದ ಚೌಕಟ್ಟಿಗೆ ನೂರ ನಲವತ್ತರ ಫೋರ್ಕು ಹಾಕಿದರೆ ಮುಂಭಾಗ ಎದ್ದು ನಿಂತು, ತಲೆಗೊಳವೆಯ ಬೆಸುಗೆಗೆ ಅದು ತಾಳದ ಹೊರೆ ಬೀಳುತ್ತದೆ.

ಲಾಕೌಟಿನ ಬಗ್ಗೆ ಒಂದು ಮಾತು. ನಂಜನಗೂಡಿನಿಂದ ಮೈಸೂರಿಗೆ ಸುಮಾರು 23 ಕಿಲೋಮೀಟರ್ ಹೆದ್ದಾರಿ, ಆಮೇಲೆ ಚಾಮುಂಡಿ ಬೆಟ್ಟದ ಡಾಂಬರು ಚಡಾವು. ಈ ದಾರಿಯಲ್ಲಿ ಫೋರ್ಕಿಗೆ ಬೀಗ ಹಾಕಿದರೆ ಶ್ರಮ ಉಳಿಯುತ್ತದೆ. ಇಳಿಯುವಾಗ ಬೀಗ ತೆಗೆಯಲು ಮರೆಯಬಾರದು. ಬೀಗ ಹಾಕಿದ ಫೋರ್ಕಿನಲ್ಲಿ ದೊಡ್ಡ ಗುಂಡಿ ಹಾರಿದರೆ ಒಳಗಿನ ಕವಾಟ ಹೋಗಬಹುದು.

ಇನ್ನು ಇದನ್ನೆಲ್ಲ ರಿಪೇರಿ ಮಾಡುವವರು ಯಾರು? ಫೋರ್ಕು ಬಿಚ್ಚುವುದೆಂದರೆ ಬೆಂಗಳೂರಿಗೇ ಹೋಗಬೇಕು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆದರೆ ಕಡಕೊಳದ ಬಳಿ ಟಿವಿಎಸ್ ಮೋಟಾರ್ ಕಾರ್ಖಾನೆಯೇ ಇರುವ ಈ ರಸ್ತೆಯಲ್ಲಿ ಮೋಟಾರ್ ಸೈಕಲ್ ಫೋರ್ಕಿನ ಆಯಿಲ್ ಸೀಲು ಬದಲಿಸಬಲ್ಲ ಕೈಗಳಿಗೆ ಕೊರತೆಯಿಲ್ಲ. ಎರಡೂ ಒಂದೇ ವಂಶದ ಯಂತ್ರಗಳು: ಒಂದರೊಳಗೊಂದು ಜಾರುವ ಕೊಳವೆ, ಸ್ಪ್ರಿಂಗು, ಎಣ್ಣೆ, ಸೀಲು. ಹೋದ ಬೇಸಿಗೆಯಲ್ಲಿ ಧೈರ್ಯ ಮಾಡಿ ನನ್ನ ಗಾಳಿ ಫೋರ್ಕನ್ನು ಬೈಕ್ ರಿಪೇರಿ ಮಾಡುವ ಪರಿಚಯದವರೊಬ್ಬರ ಬಳಿ ಒಯ್ದೆ. ಮೊದಲು ಗಾಳಿ ಪೂರ್ತಿ ಬಿಡಬೇಕೆಂದು ಹೇಳಿಕೊಟ್ಟೆ, ಅಷ್ಟೇ ನನ್ನ ಪಾಲು. ಕೆಳಗಿನ ಎರಡು ಬೋಲ್ಟು ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅವರು ಕೆಳಗಾಲನ್ನು ಎಳೆದು ತೆಗೆದರು. ಒಳಗಿದ್ದ ಎಣ್ಣೆ ಬೂದಿ ಬಣ್ಣಕ್ಕೆ ತಿರುಗಿತ್ತು. ಸೀಲಿನ ಕೆಳಗಿನ ಸ್ಪಂಜಿನ ಉಂಗುರವನ್ನು ಹಿಂಡಿದಾಗ ತಲಕಾಡಿನ ಮರಳು ಬೆರಳಿಗೆ ಅಂಟಿತು. ಹೊಸ ಎಣ್ಣೆ ಎಷ್ಟು ಹಾಕಬೇಕೆಂದು ಕೇಳಿದರು. ಒಂದೊಂದು ಕಾಲಿಗೆ ಹತ್ತು ಮಿಲಿಲೀಟರ್ ಎಂದೆ. ದನದ ಔಷಧದ ಅಂಗಡಿಯಿಂದ ಸಿರಿಂಜು ತರಿಸಿ, ಬೆಳಕಿಗೆ ಹಿಡಿದು ಗೆರೆ ನೋಡಿ ಅಳೆದು ಹಾಕಿದರು. ಜೋಡಿಸಿ, ಗಾಳಿ ತುಂಬಿ, ಹ್ಯಾಂಡ್ಲಿನ ಮೇಲೆ ಭಾರ ಬಿಟ್ಟು ಎರಡು ಸಲ ಒತ್ತಿದರು. ಫೋರ್ಕು ಸದ್ದಿಲ್ಲದೆ ಇಳಿದು ನಿಧಾನವಾಗಿ ಎದ್ದಿತು. "ನಾಳೆ ನನ್ನ ಮಗನ್ದೂ ಬಿಚ್ತೀನಿ" ಎಂದು ಕೈ ಒರೆಸಿಕೊಂಡರು.